ಬಾಣಂತವ್ವನ ಮಡಿಲಿನ ನಿಂಬೆಹಣ್ಣು

ಮಡಿವಾಳಯ್ಯ ನಿಂಬೆಹಣ್ಣಿನ ಹೋಳನ್ನು ಎತ್ತಿದ ಜಾಗದಲ್ಲಿ ಕಲ್ಲು ಬೆಳ್ಳಗಾಗಿತ್ತು.

ಫೋಟೋ ತೆಗೆಯಲು ಮೊಬೈಲ್ ಎತ್ತಿದ್ದ ಸಬ್‌ಇನ್ಸ್‌ಪೆಕ್ಟರ್ ಜಬೀನಾ ಹಾಗೇ ನಿಂತುಬಿಟ್ಟಳು. ಬಾಣಂತವ್ವನ ಮೂರ್ತಿಯ ಮಡಿಲಲ್ಲಿ, ಕೂಸಿನ ಕಾಲಿನ ಪಕ್ಕ, ರೂಪಾಯಿ ಬಿಲ್ಲೆಯಗಲದ ಕಲೆ. ಸುತ್ತಲೂ ಎಣ್ಣೆ ಕುಡಿದು ಕರ್ರಗೆ ಮಿರುಗುವ ಕಲ್ಲು. ನಡುವೆ ಅದೊಂದು ಮಾತ್ರ ಸುಣ್ಣದ ಹಾಗೆ ಪೇಲವ.

"ಹೂವೂ ತೆಗೀಲೇನ್ರಿ ಮೇಡಂ?" ಪೂಜಾರಿ ಮಡಿವಾಳಯ್ಯ ಕೇಳಿದರು.

"ಬ್ಯಾಡ್ರಿ ಅಯ್ಯನೋರ. ಒಂದ್ ನಿಮಿಷ ನಿಂದ್ರಿ."

ಹೋದ ವಾರ ಹೊಳೆಗುಡಿಯ ಗೋಡೆಯ ಗೂಡಿನಿಂದ ಕಾಣೆಯಾಗಿದ್ದ ಬಾಣಂತವ್ವ ಕಾವಲುಗಾರ ಭಾಗಣ್ಣನ ಮನೆಯ ಹಿಂದಿನ ಜೋಳದ ಕಣಿಕೆ ಬಣವೆಯಲ್ಲಿ ಸಿಕ್ಕಿದ್ದಳು, ಗುಡಿಯ ಕಮಿಟಿಯವರು ಕೋರ್ಟಿನ ಅಪ್ಪಣೆ ತಂದು ನಿನ್ನೆ ಅವಳನ್ನು ಮತ್ತೆ ಗೂಡಿನಲ್ಲಿ ಕೂರಿಸಿದ್ದರು, ಭಾಗಣ್ಣ ಲಾಕಪ್ಪಿನಲ್ಲಿದ್ದ. ಇವತ್ತು ಸಂಜೆಯೊಳಗೆ ಅವನನ್ನು ಕಲಬುರಗಿ ಜೈಲಿಗೆ ಮುಟ್ಟಿಸಬೇಕು. ಅದಕ್ಕೆ ಮೊದಲು ಕೇಸಿನ ಫೈಲಿಗೆ ನಾಲ್ಕು ಫೋಟೋ ಬೇಕಿತ್ತು, ಅಷ್ಟೇ. ಜಬೀನಾ ಬಂದದ್ದು ಅದಕ್ಕೆ.

ಹಿಂದಿನಿಂದ ಹೆಡ್ ಕಾನ್‌ಸ್ಟೇಬಲ್ ಧರ್ಮಣ್ಣ ಕತ್ತು ಚಾಚಿ ನೋಡಿದ. ಠಾಣೆಯ ಜೀಪು ಓಡಿಸುವವನೂ ಅವನೇ, ಠಾಣೆಯನ್ನು ನಗಿಸುವವನೂ ಅವನೇ. ಬಣವೆ ಕೆದರಿ ಮೂರ್ತಿ ಹೊರಗೆ ತೆಗೆದವನೂ ಅವನೇ.

"ಏನ್ರಿ ಇದು? ದೇವ್ರ ಮಡಲಾಗ ಕಾಗಿ ಕೂತು ಎದ್ದು ಹೋದಂಗದ."

"ನಿನ್ನ ಬಾಯಿಗಿ ಒಂದ್ ಚಿಲಕ ಇಲ್ಲೇನೋ ಧರ್ಮಣ್ಣ," ಎಂದು ಮಡಿವಾಳಯ್ಯ ಗದರಿದರು. ಶಲ್ಯದ ಚುಂಗಿನಿಂದ ಕಲೆಯನ್ನು ಉಜ್ಜಿದರು. ಹೋಗಲಿಲ್ಲ. ಉಗುಳು ಮುಟ್ಟಿಸಲಾರದೆ ನೀರು ತಟ್ಟಿ ಉಜ್ಜಿದರು. ಕಲೆ ಇನ್ನೂ ಎದ್ದು ಕಂಡಿತು.

"ಅದು ಹೋಗೂದಿಲ್ರಿ. ನಿಂಬಿಹಣ್ಣಿನ ಕಲಿ," ಎಂದಳು ಜಬೀನಾ.

ಧರ್ಮಣ್ಣ ನಕ್ಕ. "ನಿಂಬಿಹಣ್ಣು ಕಲ್ಲಿಗೇನ್ ಮಾಡ್ತದ್ರಿ ಮೇಡಂ? ಹಲ್ಲು ಚಳಿತಾವ ಅಂದ್ರ ನಂಬ್ತೀನಿ. ಕಲ್ಲು?"

"ನಿಮ್ ಮನ್ಯಾಗ ಶಹಾಬಾದಿ ಫರ್ಸಿ ಇಲ್ಲೇನು?"

"ನಮ್ದು ಚಿಂಚೋಳಿ ಮ್ಯಾಲಿನ ಹಳ್ಳಿ ರಿ. ಕೆಂಪು ಕಲ್ಲಿನ ಗ್ವಾಡಿ, ಸಗಣಿ ಸಾರಿಸಿದ ನೆಲ. ನಿಮ್ ಶಹಾಬಾದಿನ ಥಾಟು ನಮಗೆಲ್ಲಿಂದ ಬರ್ಬೇಕು?" ಅವನು ಕಲೆಯನ್ನು ಇನ್ನೊಮ್ಮೆ ನೋಡಿದ. ನಗು ಸ್ವಲ್ಪ ತಡವಾಗಿ ಮುಗಿಯಿತು. "ಡಿವೈಎಸ್ಪಿ ಸಾಹೇಬ್ರು ಒಂದೇ ಸವನ ಫೋನ್ ಮಾಡಾಕತ್ತಾರ. ನಾ ಜೀಪು ತಿರುಗಿಸಿ ನಿಲ್ಲಸ್ತೀನಿ. ಜಲ್ದಿ ಬರ್ರಿ ಮತ್ತ."

ಬೂಟಿನ ಸಪ್ಪಳ ದೂರವಾಯಿತು.

ಜಬೀನಾಳಿಗೆ ಶಹಾಬಾದಿನ ಮನೆಯ ಅಡುಗೆಕೋಣೆ ಕಣ್ಣಮುಂದೆ ಬಂತು. ಉಪ್ಪಿನಕಾಯಿ ಹಾಕುವ ದಿನ ಅಮ್ಮಿ ನೆಲಕ್ಕೆ ಗೋಣಿತಟ್ಟು ಹಾಸದೆ ನಿಂಬೆಹಣ್ಣು ಮುಟ್ಟುತ್ತಿರಲಿಲ್ಲ. ನೆಲಕ್ಕೆ ಹಾಸಿದ ಫರ್ಸಿ ಸುಣ್ಣದ ಕಲ್ಲು. ಒಂದು ಹನಿ ಬಿದ್ದರೂ ಅದರ ಮೇಲೆ ಬಿಳಿ ಕಲೆ ಕೂತುಬಿಡುತ್ತದೆ; ಮನೆ ಇರುವವರೆಗೂ ಅದು ಹೋಗುವುದಿಲ್ಲ. ಒಲೆಯ ಪಕ್ಕದ ಒಂದು ಕಲೆಯನ್ನು ತೋರಿಸಿ ಅಮ್ಮಿ ಇವತ್ತಿಗೂ ಜಬೀನಾಳನ್ನು ಬೈಯುತ್ತಾಳೆ. ವಾಡಿ, ಚಿತ್ತಾಪುರ, ಶಹಾಬಾದ್, ಎಲ್ಲಿ ಹೋದರೂ ಮನೆಯ ನೆಲ ಅದೇ ಕಲ್ಲು, ಹೆಂಗಸರ ಬೈಗುಳವೂ ಅದೇ.

ಆದರೆ ಈ ಗುಡಿ ಫರ್ಸಿ ಕಲ್ಲಿನದಲ್ಲ.

ಅವಳು ಹಿಂದೆ ಸರಿದು ಗೋಡೆಯನ್ನು ಉದ್ದಕ್ಕೂ ನೋಡಿದಳು. ಕಾಗಿಣಾ ನದಿಯ ದಂಡೆಯ ಮೇಲೆ ಎದೆಯೆತ್ತರದ ಜಗತಿ. ಅದರ ಮೇಲೆ ಮೂರು ಗರ್ಭಗುಡಿ, ಮೂರಕ್ಕೂ ಸೇರಿ ಒಂದೇ ಮಂಟಪ. ಗೋಡೆ ನೆಟ್ಟಗೆ ಹೋಗದೆ ಮಡಿಕೆ ಮಡಿಕೆಯಾಗಿ, ಸೀರೆಯ ನಿರಿಗೆಯಂತೆ ಒಳಗೆ ಹೊರಗೆ ತಿರುಗಿತ್ತು. ಎರಡು ನಿರಿಗೆಗಳ ನಡುವೆ ಒಂದೊಂದು ಗೂಡು. ಗೂಡಿಗೆ ಎರಡು ಪುಟ್ಟ ಕಂಬ, ತಲೆಯ ಮೇಲೆ ಪುಟ್ಟ ಗೋಪುರ. ಗುಡಿಯೊಳಗೆ ಗುಡಿ. ಅಂಥ ಒಂದು ಗೂಡಿನಲ್ಲಿ ಮೊಣಕಾಲೆತ್ತರದ ಬಾಣಂತವ್ವ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಎಷ್ಟೋ ನೂರು ವರ್ಷ ಕೂತಿದ್ದಳು.

"ಅಯ್ಯನೋರ, ಗುಡಿದೂ ಬಾಣಂತವ್ವಂದೂ ಒಂದೇ ಕಲ್ಲೇನು?"

"ಒಂದೇ ರಿ. ಬಳಪದ ಕಲ್ಲು. ಕಡಿಯೋವಾಗ ಬೆಣ್ಣಿ, ಗಾಳಿ ಕುಡದಂಗ ಕುಡದಂಗ ಗಟ್ಟಿ. ಬರ್ರಿ ಒಳಗ, ಕಂಬ ನೋಡ್ರಿ."

ಜಬೀನಾ ಹೊಸ್ತಿಲ ಮುಂದೆ ಒಂದು ಗಳಿಗೆ ತಡೆದಳು. ಬೂಟು ಬಿಚ್ಚಿದಳು.

"ಬರ್ರಿ ಬರ್ರಿ. ಈ ಕಂಬ ತಿರುವಿದಾಂವ ಯಾರಂತ ನಮಗ್ಯಾರಿಗಿ ಗೊತ್ತದ?"

ಮಂಟಪದೊಳಗೆ ತಂಪಿತ್ತು. ಬುಗುರಿಯಂತೆ ತಿರುವಿ ಮಾಡಿದ ಕಂಬಗಳು, ಒಂದರ ಮೇಲೊಂದು ಬಳೆ ಏರಿಸಿದ ಹಾಗೆ ಅಂಚು. ನುಣುಪು ಎಷ್ಟೆಂದರೆ ಅವಳ ಖಾಕಿ ಅಂಗಿ ಅದರಲ್ಲಿ ಉದ್ದಕ್ಕೆ ಎಳೆದುಕೊಂಡು ಕಂಡಿತು. ಉತ್ತರದ ಗುಡಿ, ಪಶ್ಚಿಮದ ಗುಡಿ ಎರಡೂ ಗಟ್ಟಿ ಇದ್ದವು. ದಕ್ಷಿಣದ್ದು ವಾಲಿತ್ತು. ರಿಪೇರಿಗೆಂದು ಅದನ್ನು ಕಲ್ಲು ಕಲ್ಲು ಬಿಚ್ಚಿದ್ದರು. ಬಿಚ್ಚಿದ ಕಲ್ಲುಗಳನ್ನು ಹೊರಗಿನ ಬಯಲಲ್ಲಿ ಸಾಲಾಗಿ ಮಲಗಿಸಿ, ಒಂದೊಂದರ ಬೆನ್ನಿಗೂ ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದರು. ಕಿಂಡಿಯಿಂದ ನೋಡಿದರೆ ಆ ಸಾಲು ಬಿಸಿಲಲ್ಲಿ ಹರಡಿದ ಹಪ್ಪಳದಂತೆ ಕಾಣುತ್ತಿತ್ತು.

"ಹಿಂದನೂ ಬಾಣಂತವ್ವಗ ನಿಂಬಿಹಣ್ಣು ಇಡ್ತಿದ್ರೇನು?"

"ಅಮಾಸಿಗೊಮ್ಮಿ ಇಡ್ತೀವಿ. ನಮ್ಮಪ್ಪ ಇಟ್ಟಾನ, ಅವರಪ್ಪ ಇಟ್ಟಾನ. ನಿನ್ನಿ ಅಮಾಸಿ ಅಲ್ಲ ಖರೇ, ಆದ್ರ ಪೊಲೀಸರ ಕೈ, ಕೋರ್ಟಿನವರ ಕೈ, ಎಷ್ಟ್ ಮಂದಿ ದೃಷ್ಟಿ ಬಿದ್ದಿತ್ತೋ ಅಂತ ನಾನೇ ಕೊಯ್ದು ಇಟ್ಟೆ."

"ಇಷ್ಟ್ ವರ್ಷದಾಗ ಒಂದಾರ ಕಲಿ ಬಿದ್ದಿತ್ತೇನು?"

ಮಡಿವಾಳಯ್ಯ ಕೈಯಲ್ಲಿದ್ದ ಹೋಳನ್ನೇ ನೋಡತೊಡಗಿದರು.

"ಇಲ್ಲಿ ಹಿಂಡ್ರಿ," ಎಂದು ಜಬೀನಾ ಕಂಬದ ಬುಡದಲ್ಲಿ ಮುಕ್ಕಾಗಿ ಬಿದ್ದಿದ್ದ ಚೂರೊಂದನ್ನು ತೋರಿಸಿದಳು. "ನೀವೇ ಹಿಂಡ್ರಿ. ನಾ ಮುಟ್ಟೂದಿಲ್ಲ."

ಹನಿ ಬಿತ್ತು. ಕಲ್ಲು ಒದ್ದೆಯಾಯಿತು. ಅಷ್ಟೇ.

ಮತ್ತೆ ಗೂಡಿನ ಬಳಿ ಬಂದರು. ಮಡಿವಾಳಯ್ಯನವರ ತುಟಿ ಏನೋ ಮಂತ್ರ ಹೇಳಿಕೊಳ್ಳುತ್ತಿತ್ತು. ಮೂರ್ತಿಯ ಪೀಠದ ಹಿಂಬದಿಯಲ್ಲಿ, ಯಾರಿಗೂ ಕಾಣದ ಮೂಲೆಯಲ್ಲಿ, ಎರಡು ಹನಿ ಹಿಂಡಿದರು.

ಮೊದಲು ಏನೂ ಆಗಲಿಲ್ಲ. ಆಮೇಲೆ ಹನಿಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳೆದ್ದವು. ಸಣ್ಣಗೆ ನೊರೆಯಾಯಿತು.

ಮಡಿವಾಳಯ್ಯ ಹೋಳನ್ನು ಕೆಳಗಿಟ್ಟು ಜಗತಿಯ ಮೇಲೆಯೇ ಕೂತರು.

"ಹಂಗಾರ ನಿನ್ನಿಯಿಂದ ನಾ ಯಾರಿಗಿ ಪೂಜಿ ಮಾಡಾಕತ್ತೀನ್ರಿ?"

ಜಬೀನಾಳ ತಲೆಯಲ್ಲಿ ಒಂದು ಮಾತು ಸ್ಪಷ್ಟವಾಯಿತು. ಕದ್ದ ಮೂರ್ತಿ ಸಿಗಲೇ ಇಲ್ಲ. ಸಿಕ್ಕದ್ದು ಅದರ ನಕಲು. ಸಿಗಲಿ ಎಂದೇ ಯಾರೋ ಅದನ್ನು ಬಣವೆಯಲ್ಲಿ ಇಟ್ಟಿದ್ದರು. ಮೂರ್ತಿ ಬಂತು, ಕಳ್ಳ ಸಿಕ್ಕ, ಇನ್ನು ಯಾರೂ ಹುಡುಕುವುದಿಲ್ಲ. ಈ ಕಳ್ಳತನ ಗಡಿಗೆಯಾದರೆ ಭಾಗಣ್ಣ ಅದರ ಮುಚ್ಚಳ. ಇವತ್ತು ಸಂಜೆ ಜೈಲಿನ ಬಾಗಿಲು ಹಾಕಿಕೊಂಡರೆ ಮುಚ್ಚಳ ಬಿಗಿಯಾಗುತ್ತದೆ.

"ಇದೇ ನಮ್ಮ ಬಾಣಂತವ್ವ ಅಂತ ಮೊದ್ಲು ಅಂದವರ್ಯಾರ್ರಿ?"

"ಗುಡಿ ರಿಪೇರಿ ಮಾಡಸೋ ಇಂಜಿನಿಯರ್ ಅಶೋಕಕುಮಾರ್ ಸಾಹೇಬ್ರು. ಅವರು ಅಂದ್ಮ್ಯಾಲೆ ಕಲ್ಯಾಣಪ್ಪ ಸಾವಕಾರ್ರು ಅಂದ್ರು. ಅವರು ಅಂದ್ಮ್ಯಾಲೆ ನಾನೂ ಅಂದೆ." ಮುದುಕರ ಕಣ್ಣು ತುಂಬಿತು. "ಕಳದ ಮಗಳು ಮನಿಗಿ ಬಂದ್ರ ಗದ್ದ ಹಿಡದು ನೀ ನಮ್ಮಾಕಿ ಹೌದೋ ಅಲ್ಲೋ ಅಂತ ಕೇಳ್ತಾರೇನ್ರಿ?"

"ಇಂಜಿನಿಯರ್ ಎಲ್ಲಿ?"

"ಕಲಬುರಗಿಗಿ ಹೋಗ್ಯಾರ, ಸಾಮಾನು ತರಾಕ. ನಾಳಿಂದ ಆ ಕಲ್ಲು ಒಂದೊಂದೇ ಎತ್ತಿ ಜೋಡಸೋದು ಚಾಲೂ ಮಾಡ್ತಾರ."

ಪೊರಕೆಯ ಸದ್ದು ಕೇಳಿ ಇಬ್ಬರೂ ತಿರುಗಿದರು.

ಜಗತಿಯ ಕೆಳಗೆ ಭಾಗಣ್ಣನ ತಾಯಿ ಸಾಬಮ್ಮ ಕಸ ಹೊಡೆಯುತ್ತಿದ್ದಳು. ಮೂರ್ತಿ ಸಿಕ್ಕ ದಿನವೇ ಕಮಿಟಿಯವರು ಅವಳನ್ನು ಗುಡಿಯ ಕೆಲಸದಿಂದ ಬಿಡಿಸಿದ್ದರು. ಆದರೂ ಬಂದಿದ್ದಳು. ಬಟ್ಟೆಯ ಚೂರಿನಿಂದ ಮುಚ್ಚಿದ ಒಂದು ಪುಟ್ಟ ಬಟ್ಟಲು ಮೆಟ್ಟಿಲ ಮೇಲಿತ್ತು.

"ಗುಡಿ ಒಳಗ ಬರಬ್ಯಾಡ ಅಂದಾರ, ಬಯಲಿಗಿ ಬರಬ್ಯಾಡ ಅಂದಿಲ್ಲ," ಎಂದಳು, ಯಾರೂ ಕೇಳದಿದ್ದರೂ. "ನನ್ನ ಕೈ ಸುಮ್ನ ಕೂಡಂಗಿಲ್ಲ ನೋಡ್ರಿ ಮೇಡಂ."

"ಬಟ್ಟಲದಾಗ ಏನದ ಸಾಬಮ್ಮ?"

"ಬೆಣ್ಣಿ." ಸಾಬಮ್ಮ ಪೊರಕೆ ನಿಲ್ಲಿಸಲಿಲ್ಲ. "ಸೊಸಿ ಶ್ರುತಿ ಹಡದಾಳ. ಗಂಡು. ಯಾರ ಮನ್ಯಾಗ ಹಡದ್ರೂ ಬಾಣಂತವ್ವನ ಮೊಣಕಾಲಿಗಿ ಬೆಣ್ಣಿ ಹಚ್ಚತಾರ, ಅದನ್ನ ಒಂದೀಟು ತಂದು ಬಾಣಂತಿಗಿ ಕೊಡ್ತಾರ. ನಿನ್ನಿ ತಂದ್ರ, ಕಳ್ಳನ ಮನಿ ಬೆಣ್ಣಿ ಬ್ಯಾಡ ಅಂತ ಹೆಣ್ಮಕ್ಕಳು ಬಾಗಲಾಗೇ ತಡದ್ರು. ಕೂಸಿನ ಮಾರಿ ಅಪ್ಪ ನೋಡಿಲ್ಲ, ಬೆಣ್ಣಿ ಅವ್ವ ನೋಡಿಲ್ಲ."

"ಹಚ್ಚದಿದ್ದದ್ದೇ ಛೊಲೊ ಆಯ್ತು," ಎಂದಳು ಜಬೀನಾ ಮೆಲ್ಲಗೆ.

ಸಾಬಮ್ಮ ಅವಳನ್ನು ದಿಟ್ಟಿಸಿದಳು. ಅರ್ಥವಾಗಲಿಲ್ಲ. ಅಥವಾ ಆ ಮಾತು ನೋವಾಗಿ ತಾಕಿತು.

"ಹೌದ್ರಿ. ನೀವೂ ಹಂಗೇ ಅನ್ರಿ. ಇರಿವಿ ಸೈತ ಈಗ ನಮ್ಮವ್ವನ್ನ ಬಿಟ್ಟು ನಡದಾವ, ಮನುಷ್ಯಾರ ಮಾತೇನು? ದಿನಾ ಮುಂಜಾನಿ ಗೂಡಿನಿಂದ ಕೆಂಪಿರಿವಿ ಹೊಡದು ಹೊಡದು ನನ್ನ ಕೈ ಬಿದ್ದು ಹೋಗ್ತಿತ್ತು. ಈಗ ಗೂಡಿನ್ಯಾಗ ಒಂದಿಲ್ಲ. ಎಲ್ಲಾ ಆ ಬಿಚ್ಚಿಟ್ಟ ಕಲ್ಲಿನ ಕಡಿ ಸಾಲ ಹಚ್ಚ್ಯಾವ. ಅಲ್ಲೇನ್ ಜಾತ್ರಿ ಅದನೋ."

ಜಬೀನಾ ಏನೋ ಕೇಳಬೇಕೆಂದಿದ್ದಳು. ಅಷ್ಟರಲ್ಲಿ ಬಾಗಿಲ ಬಳಿ ಕಾರು ನಿಂತಿತು.

ಕಮಿಟಿಯ ಅಧ್ಯಕ್ಷ ಕಲ್ಯಾಣಪ್ಪ ಸಾವುಕಾರರು ಇಳಿದರು. ಹಣೆತುಂಬ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಕೈಯಲ್ಲಿ ಪೇಡೆಯ ಡಬ್ಬಿ. ಚಿತ್ತಾಪುರದ ಹತ್ತಿರ ಅವರದು ಎರಡು ಫರ್ಸಿ ಖಣಿ, ಶಹಾಬಾದಿನಲ್ಲಿ ಪಾಲಿಶ್ ಮಿಷನ್ನು.

"ಬಾಯಿ ಸಿಹಿ ಮಾಡ್ರಿ ಮೇಡಂ. ನಿಮ್ಮಿಂದ ನಮ್ಮೂರ ಮರ್ಯಾದಿ ಉಳೀತು. ಬರೋ ಸ್ವಾಮಾರ ನಿಮಗ ಶಾಲು ಹೊದಸ್ತೀವಿ. ಇಲ್ಲ ಅನ್ನಬ್ಯಾಡ್ರಿ."

ಜಬೀನಾ ಪೇಡೆ ತೆಗೆದುಕೊಳ್ಳಲಿಲ್ಲ.

"ಸಾವಕಾರ್ರೇ, ನಿಮ್ ಖಣಿಯಾಗ ಕರಿ ಫರ್ಸಿ ಸಿಗ್ತದೇನ್ರಿ? ದಪ್ಪಂದು?"

"ಸಿಗ್ತದ. ಯಾಕ, ಮನಿ ಕಟ್ಟಸಾಕತ್ತೀರೇನು? ನಿಮಗಂದ್ರ ಕಮ್ಮಿ ರೇಟಿನ್ಯಾಗ ಕೊಡೋಣ."

"ಮನಿ ಅಲ್ರಿ. ಅಂಥಾ ಕಲ್ಲಿನ್ಯಾಗ ಯಾರೋ ಬಾಣಂತವ್ವನ್ನ ಮಾಡಸ್ಯಾರ."

ಡಬ್ಬಿ ಹಿಡಿದ ಕೈ ಹಾಗೇ ನಿಂತಿತು. ಕಲ್ಯಾಣಪ್ಪ ಅವಳನ್ನು ನೋಡಿದರು, ಗೂಡನ್ನು ನೋಡಿದರು, ಮಡಿಲ ಕಲೆಯನ್ನು ನೋಡಿದರು.

"ಏನ್ ಮಾಡೀರಿ ಇಲ್ಲಿ?"

"ನಿಂಬಿಹಣ್ಣು ಹಿಂಡಿ ನೋಡೀವಿ. ಉಕ್ಕ್ಯದ."

"ದೇವ್ರ ಮೈ ಮ್ಯಾಲೆ?" ಅವರ ದನಿ ಇಳಿಯಿತು. ಏರಿದ್ದರೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. "ಮೇಡಂ ಅವ್ರೇ, ನೀವು ಯಾರು, ಇದು ಯಾರ ಗುಡಿ, ಸ್ವಲ್ಪ ವಿಚಾರ ಮಾಡ್ರಿ. ನಿಮ್ಮ ಕೈಯಿಂದ ಬಾಣಂತವ್ವಗ ಹುಳಿ ಹಿಂಡ್ಯಾರ ಅಂತ ನಾ ಹೊರಗ ನಿಂತು ಒಂದ್ ಮಾತು ಅಂದ್ರ, ಸೂರ್ಯ ಮುಣಗೋದ್ರೊಳಗ ಏನಾಗ್ತದ ಗೊತ್ತದನು?"

ಜಬೀನಾಳಿಗೆ ಗೊತ್ತಿತ್ತು. ಠಾಣೆಗೆ ಬಂದ ಮೊದಲ ದಿನದಿಂದ ಆ ಮಾತು ಎಲ್ಲೋ ಒಂದು ಕಡೆ ತನಗಾಗಿ ಕಾದು ಕೂತಿದೆ ಎಂದು ಗೊತ್ತಿತ್ತು. ಅದನ್ನು ಮುಖದಲ್ಲಿ ತೋರಗೊಡದೆ ನಿಂತಳು.

"ಹಿಂಡಿದಾಂವ ನಾನು."

ಮಡಿವಾಳಯ್ಯ ಎದ್ದು ನಿಂತಿದ್ದರು. ಶಲ್ಯವನ್ನು ಹೆಗಲ ಮೇಲೆ ಎಳೆದುಕೊಂಡರು.

"ನನ್ನ ಕೈಯಿಂದ, ನಾನೇ ಹಿಂಡೀನಿ. ಹೊರಗ ಹೋಗಿ ಹೇಳೋದಿದ್ರ ನನ್ನ ಹೆಸರು ಹೇಳು ಕಲ್ಯಾಣಪ್ಪ. ಮುತ್ಯಾನ ಕಾಲದಿಂದ ಪೂಜಿ ಮಾಡ್ಕೋತ ಬಂದವರು ನಾವು. ಹುಸಿ ಕಲ್ಲಿಗಿ ಕೈ ಮುಗಿಸಿದವರ್ಯಾರು, ಅದನ್ನ ಮೊದ್ಲು ಹೇಳು."

ಮಂಟಪದೊಳಗೆ ಬಾವಲಿಯೊಂದು ರೆಕ್ಕೆ ಬಡಿಯಿತು.

ಕಲ್ಯಾಣಪ್ಪ ಡಬ್ಬಿಯನ್ನು ಕೆಳಗಿಟ್ಟರು. ಗೂಡಿನ ಮುಂದೆ ಮೊಣಕಾಲೂರಿ, ಮೂರ್ತಿಯ ಪೀಠದ ಅಂಚಿಗೆ ಹೆಬ್ಬೆರಳಿನ ಉಗುರು ಹಚ್ಚಿ ಎಳೆದರು. ಎಣ್ಣೆಯ ಪದರು ಕಿತ್ತು ಬಂತು. ಅದರ ಕೆಳಗೆ ಕಲ್ಲಿನ ಗೆರೆಗಳು, ಪುಸ್ತಕದ ಹಾಳೆಗಳನ್ನು ಒತ್ತಿ ಹಿಡಿದ ಹಾಗೆ.

ಅವರು ಎದ್ದಾಗ ಮುಖದಲ್ಲಿ ಬಣ್ಣವಿರಲಿಲ್ಲ.

"ಫರ್ಸಿನೇ," ಎಂದರು.

"ಯಾರ ಖಣಿದು?"

"ಅದು ಹೇಳಾಕ ಆಗೂದಿಲ್ಲ. ನಂದಿರ್ಬಹುದು. ಇನ್ನ್ಯಾರದೋ ಇರ್ಬಹುದು. ಶಹಾಬಾದಿನ್ಯಾಗ ಕಲ್ಲು ಕೊಳ್ಳಾಕ ಯಾರ್ ಹೆಸರು ಕೇಳ್ತಾರ?" ಅವರು ಅವಳ ಕಡೆ ತಿರುಗಿದರು. "ನನ್ನ ಮ್ಯಾಲೆ ನಿಮ್ ಕಣ್ಣದ. ಇರ್ಲಿ. ಒಂದ್ ಮಾತು ಕೇಳ್ತೀನಿ, ನೀವೂ ಶಹಾಬಾದಿನವ್ರೇ. ನಾ ಈ ಕೆಲಸ ಮಾಡಸೋದಿದ್ರ ಫರ್ಸಿ ತಗೋತಿದ್ನೇನು? ಅಮಾಸಿಗೊಮ್ಮಿ ನಿಂಬಿಹಣ್ಣು ಏರ್ತದಂತ ನನಗ ಗೊತ್ತಿಲ್ಲೇನು? ಹುಣಸಿ ಹುಳಿ ಬಿದ್ರ ಫರ್ಸಿ ಏನಾಗ್ತದಂತ ನಮ್ ಮನಿ ಕೂಸಿಗೂ ಗೊತ್ತದ. ಈ ಕಡಿ ಮಂದಿ ಯಾರ್ ಮಾಡಿದ್ರೂ ಈ ಕಲ್ಲು ಮುಟ್ಟಂಗಿಲ್ರಿ. ಮುಟ್ಟಿದಾಂವ ಈ ನೆಲದ ಮ್ಯಾಲೆ ಉಂಡಾಂವಲ್ಲ, ಮಲಗಿದಾಂವಲ್ಲ."

ಮಾತು ಸರಿಯಾಗಿತ್ತು. ಅದೇ ಜಬೀನಾಳಿಗೆ ಚುಚ್ಚಿತು. ತಪ್ಪಿಸಿಕೊಳ್ಳಲು ಹೇಳಿದ ಮಾತೂ ಇಷ್ಟೇ ಸರಿಯಾಗಿರಬಲ್ಲದು.

"ಇಂಜಿನಿಯರ್ ಮೈಸೂರು ಕಡಿಯವ್ರು," ಎಂದು ಮಡಿವಾಳಯ್ಯ ತಮಗೆ ತಾವೇ ಎಂಬಂತೆ ಹೇಳಿದರು.

"ಅಲ್ಲೇನ್ ಫರ್ಸಿ? ನೆಲಕ್ಕೂ ಟೈಲ್ಸ್, ಗ್ವಾಡಿಗೂ ಟೈಲ್ಸ್," ಎಂದರು ಕಲ್ಯಾಣಪ್ಪ. ಹೇಳಿದ್ದು ಸ್ವಲ್ಪ ಬೇಗವೇ ಆಯಿತು.

"ಮೇಡಂ!"

ಧರ್ಮಣ್ಣ ಮಂಟಪದ ಆ ಬದಿಯಿಂದ ಬಂದ. ಅಂಗಿಯ ತೋಳು ಮೊಳಕೈವರೆಗೆ ಮಡಚಿತ್ತು, ಕಂಕುಳು ಒದ್ದೆಯಾಗಿತ್ತು. ಮುಂಗೈಯನ್ನು ಪರಪರ ಕೆರೆದುಕೊಳ್ಳುತ್ತಿದ್ದ.

"ಇನ್ನ ಹೊತ್ತು ಮಾಡಿದ್ರ ಸಾಹೇಬ್ರು ನನ್ನ ಚರ್ಮ ಸುಲೀತಾರ. ಭಾಗಣ್ಣನ್ನ ಹತ್ತಿಸ್ಕೊಂಡು ಕಲಬುರಗಿ ಮುಟ್ಟಬೇಕು. ಏಳ್ರಿ ಏಳ್ರಿ."

"ಕೈಗೇನಾಯ್ತು ಧರ್ಮಣ್ಣ?"

"ಕೆಂಪಿರಿವಿ ರಿ. ಹುಣಸಿ ಗಿಡದ ನೆಳ್ಳಿಗಿ ಜೀಪು ಹಚ್ಚಿದ್ದೆ.‌ ಪೊಲೀಸರಂದ್ರ ಇರಿವಿಗೂ ಸಿಟ್ಟು ನೋಡ್ರಿ." ನಕ್ಕು ಹೊರಟ. "ಜೀಪು ಚಾಲೂ ಮಾಡಿ ನಿಂದರ್ತೀನಿ."

ಜಬೀನಾ ಬೂಟು ಹಾಕಿಕೊಳ್ಳಲು ಬಗ್ಗಿದಳು. ಲೇಸು ಬೆರಳಲ್ಲೇ ಉಳಿಯಿತು.

ಇರುವೆ.

ಎಷ್ಟೋ ನೂರು ವರ್ಷದ ಬೆಣ್ಣೆ, ಎಷ್ಟೋ ನೂರು ವರ್ಷದ ಕುಸುಬೆ ಎಣ್ಣೆ. ಆ ಕಲ್ಲನ್ನು ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ಮನುಷ್ಯರಿಗೆ ಗೊತ್ತಾಗದಿರಬಹುದು. ಇರುವೆಗಳು ಮೂರ್ತಿಯನ್ನು ನೋಡಿ ಬರುವುದಿಲ್ಲ, ವಾಸನೆಗೆ ಬರುತ್ತವೆ. ಗೂಡು ಬಿಟ್ಟು ಅವು ಬಯಲಿನ ಕಲ್ಲುಗಳ ಕಡೆ ಸಾಲು ಹಚ್ಚಿದ್ದವು.

ಬಾಣಂತವ್ವ ಗುಡಿ ಬಿಟ್ಟು ಹೋಗಿರಲೇ ಇಲ್ಲ. ಮುಖ ಕೆಳಗೆ ಮಾಡಿ, ಬೆನ್ನಿಗೆ ಒಂದು ಬಿಳಿ ನಂಬರು ಬರೆಸಿಕೊಂಡು, ಸಾವಿರ ಕಲ್ಲುಗಳ ನಡುವೆ ಒಂದು ಕಲ್ಲಾಗಿ ಎಲ್ಲರ ಕಣ್ಣೆದುರೇ ಮಲಗಿದ್ದಳು. ಊರೆಲ್ಲ ಹುಡುಕುತ್ತಿದ್ದಾಗ ಪೊಲೀಸರು ಆ ಕಲ್ಲಿನ ಮೇಲೆಯೇ ಕೂತು ಚಹಾ ಕುಡಿದಿರಬಹುದು. ಮತ್ತು ನಾಳೆಯಿಂದ ಒಂದೊಂದೇ ಕಲ್ಲನ್ನು ಎತ್ತಿ ತಿರುವುತ್ತಾರೆ. ಹಾಗಾದರೆ ಅವಳನ್ನು ಸಾಗಿಸಲು ಇವತ್ತೇ ಕೊನೆಯ ದಿನ.

ಲೇಸು ಕಟ್ಟದೆಯೇ ಅವಳು ಜಗತಿಯಿಂದ ಹಾರಿದಳು.

"ಏನಾಯ್ತ್ರಿ?" ಕಲ್ಯಾಣಪ್ಪ ಕೂಗಿದರು. ಅವಳು ತಿರುಗಿ ನೋಡಲಿಲ್ಲ. ಸಾಬಮ್ಮ ಪೊರಕೆ ಹಿಡಿದೇ ಹಿಂದೆ ಬಂದಳು.

"ಸಾಬಮ್ಮ, ಇರಿವಿ ಎಲ್ಲಿ ನೋಡಿದ್ರಿ? ಯಾವ ಕಲ್ಲಿಗಿ?"

"ಅಗೋ, ಆ ಸಾಲಿನ ಕಡೀಕಿಂದು. ಹುಣಸಿ ಗಿಡದ ಬಾಜೂಕ."

ಸಾಲಿನ ಕೊನೆಯಲ್ಲಿ ಕಲ್ಲಿರಲಿಲ್ಲ.

ಅದು ಮಲಗಿದ್ದ ಜಾಗ ಮಾತ್ರ ಇತ್ತು. ಹುಲ್ಲು ಬೆಳ್ಳಗೆ ಬಾಡಿ ಚಪ್ಪಟೆಯಾಗಿತ್ತು, ಮಣ್ಣು ಇನ್ನೂ ಹಸಿಯಾಗಿತ್ತು. ಅದರ ತುಂಬ ಕೆಂಪಿರುವೆ. ಮನೆ ಕಳೆದುಕೊಂಡವರ ಹಾಗೆ ದಿಕ್ಕು ತಪ್ಪಿ ಓಡಾಡುತ್ತಿದ್ದವು. ಕೆಲವು ಬಿಳಿ ಮೊಟ್ಟೆ ಕಚ್ಚಿಕೊಂಡಿದ್ದವು. ಕಲ್ಲು ಎತ್ತಿ ಬಹಳ ಹೊತ್ತಾಗಿರಲಿಲ್ಲ. ಅವಳು ಮಂಟಪದೊಳಗೆ ನಿಂತು ಕಂಬದಲ್ಲಿ ತನ್ನ ಅಂಗಿ ನೋಡಿಕೊಳ್ಳುತ್ತಿದ್ದಾಗಲೋ, ಪೇಡೆಯ ಡಬ್ಬಿಯ ಮುಂದೆ ನಿಂತಿದ್ದಾಗಲೋ ಎತ್ತಿದ್ದರು.

ಮಣ್ಣಿನಲ್ಲಿ ಎರಡು ಜೊತೆ ಹೆಜ್ಜೆ. ಒಂದು ಬೂಟು. ಇನ್ನೊಂದು ಬರಿಗಾಲು. ಎರಡರದೂ ಹಿಮ್ಮಡಿ ಆಳವಾಗಿ ಒತ್ತಿತ್ತು.

ಹೆಜ್ಜೆಗಳು ದೂರ ಹೋಗಿರಲಿಲ್ಲ. ಹುಣಸೆ ಗಿಡದ ನೆರಳಿನವರೆಗೆ. ಅಲ್ಲಿ ಠಾಣೆಯ ಜೀಪು ಎಂಜಿನ್ ಸದ್ದು ಮಾಡುತ್ತ ನಿಂತಿತ್ತು.

ಅವಳದೇ ಜೀಪು.

ಹಿಂಬಾಗಿಲಿನ ಸಂದಿನಿಂದ ಒಂದು ಕೆಂಪಿರುವೆ ಹೊರಬಂತು. ಅದರ ಹಿಂದೆ ಇನ್ನೊಂದು. ಅವು ಬಂಪರಿನ ಮೇಲೆ ಇಳಿದು, ನಂಬರ್ ಪ್ಲೇಟನ್ನು ದಾಟಿ, ನೆಲದ ದಾರಿ ಹುಡುಕುತ್ತಿದ್ದವು. ಗಾಳಿ ಈ ಕಡೆ ತಿರುಗಿದಾಗ ವಾಸನೆ ಬಂತು. ಹಳೇ ಬೆಣ್ಣೆಯ ಕಮಟು.

ಕೆಂಪು ಕಲ್ಲಿನ ಗೋಡೆ, ಸಗಣಿ ಸಾರಿಸಿದ ನೆಲ. ಫರ್ಸಿಯ ಮೇಲೆ ಉಂಡವನಲ್ಲ, ಮಲಗಿದವನಲ್ಲ. ಬಣವೆಗಳು ಊರತುಂಬ ಇದ್ದರೂ ನೆಟ್ಟಗೆ ಭಾಗಣ್ಣನ ಬಣವೆಗೇ ಕೈ ಹಾಕಿದವನು. ಧರ್ಮಣ್ಣ. ಪೊಲೀಸ್ ಜೀಪನ್ನು ಯಾವ ನಾಕಾದಲ್ಲೂ ತಡೆಯುವುದಿಲ್ಲ. ಕೈದಿಯನ್ನು ಕೂರಿಸಿಕೊಂಡು ಹೋಗುವ ಜೀಪನ್ನಂತೂ ಯಾರೂ ಬಗ್ಗಿ ಕೂಡ ನೋಡುವುದಿಲ್ಲ. ಭಾಗಣ್ಣನ ಕಾಲಡಿಯಲ್ಲೇ ಬಾಣಂತವ್ವ ಊರು ಬಿಡುವುದಿತ್ತು.

ಪಕ್ಕದಲ್ಲಿ ಸಾಬಮ್ಮನ ಉಸಿರು ಕೇಳಿತು. ಅವಳೂ ನೋಡಿದ್ದಳು. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಗುಡಿಸಿ ಹಾಕಿದ ಇರುವೆಗಳು; ಆ ವಾಸನೆಯನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ಕೈಯಿಂದ ಪೊರಕೆ ಜಾರಿತು. ಬಾಯಿ ತೆರೆಯಿತು. ಆ ಕೂಗು ಹೊರಬಂದರೆ ಮಗ ಮನೆಗೆ ಬರುತ್ತಾನೆ ಎಂದು ಅವಳ ಕಣ್ಣು ಹೇಳುತ್ತಿತ್ತು.

ಜಬೀನಾ ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದಳು. ಬೇಡ.

ಈಗ ಕೂಗಿದರೆ ಧರ್ಮಣ್ಣ ನಗುತ್ತ ಇಳಿಯುತ್ತಾನೆ. ನಾನೇ ಹುಡುಕಿ ಇಟ್ಟೀನ್ರಿ ಮೇಡಂ, ಇದನ್ನೂ ಭಾಗಣ್ಣನೇ ಮುಚ್ಚಿಟ್ಟಿದ್ದ ಅನ್ನುತ್ತಾನೆ. ಕಳ್ಳತನ ಒಂದಿದ್ದದ್ದು ಎರಡಾಗುತ್ತದೆ. ಆ ಕಲ್ಲನ್ನು ಒಬ್ಬನೇ ಎತ್ತಲಾರ. ಬರಿಗಾಲಿನವನು ಯಾರು? ಎಲ್ಲಿ ಹೋದ? ಅವಳು ಕಣ್ಣಂಚಿನಿಂದ ಗುಡಿಯ ಕಡೆ ನೋಡಿದಳು. ಗೂಡಿನ ಮುಂದೆ ಮಡಿವಾಳಯ್ಯ ಒಬ್ಬರೇ ನಿಂತಿದ್ದರು. ಕಲ್ಯಾಣಪ್ಪ ಕಾಣಲಿಲ್ಲ. ಅವರ ಕಾರೂ ಇರಲಿಲ್ಲ.

ಸಾಬಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಸದ್ದು ಬರಲಿಲ್ಲ.

"ಅಯ್ಯನೋರ ಹತ್ರ ಹೋಗ್ರಿ," ಜಬೀನಾ ತುಟಿ ಅಲುಗಿಸದೆ ಹೇಳಿದಳು. "ಡಿವೈಎಸ್ಪಿ ಸಾಹೇಬ್ರಿಗಿ ಫೋನ್ ಹಚ್ಚಸ್ರಿ. ಭಾಗಣ್ಣನ್ನ ಠಾಣೆ ಬಿಟ್ಟು ಕಳಸಬ್ಯಾಡ್ರಿ ಅಂತ ಮೇಡಂ ಹೇಳ್ಯಾರ ಅನ್ರಿ. ಈಗ ಓಡಬ್ಯಾಡ್ರಿ. ಕಸ ಹೊಡಕೋತ ಹೋಗ್ರಿ."

ಸಾಬಮ್ಮ ಬಗ್ಗಿ ಪೊರಕೆ ಎತ್ತಿಕೊಂಡಳು.

"ಮೇಡಂ!" ಜೀಪಿನ ಕಿಟಕಿಯಿಂದ ಧರ್ಮಣ್ಣನ ತಲೆ ಹೊರಬಂತು. "ಕಲ್ಲಿನ ಮುಂದ ಏನ್ ನಿಂತೀರಿ? ಹತ್ರಿ."

"ಬಂದೆ."

ಅವಳು ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಕಮಟು ವಾಸನೆ ಮೂಗಿಗೆ ಗಪ್ಪನೆ ಬಡಿಯಿತು. ಹಿಂದಿನ ಸೀಟುಗಳ ನಡುವೆ ಗೋಣಿಚೀಲ ಹೊದಿಸಿದ ಏನೋ ಮೊಣಕಾಲೆತ್ತರ ಇತ್ತು. ಅವಳು ತಿರುಗಿ ನೋಡಲಿಲ್ಲ. ಸೊಂಟದ ಪಟ್ಟಿ ಸರಿಮಾಡಿಕೊಳ್ಳುವ ಹಾಗೆ ಕೈಯನ್ನು ಪಿಸ್ತೂಲಿನ ಹತ್ತಿರ ಇಟ್ಟುಕೊಂಡಳು.

ಧರ್ಮಣ್ಣ ಕನ್ನಡಿಯನ್ನು ಸ್ವಲ್ಪ ತಿರುಗಿಸಿದ. ಕಸ ಹೊಡೆಯುತ್ತ ಗುಡಿಯ ಕಡೆ ಸರಿಯುತ್ತಿದ್ದ ಸಾಬಮ್ಮ ಅದರಲ್ಲಿ ಪುಟ್ಟದಾಗಿ ಕಂಡಳು. ಅವನು ಅವಳನ್ನೇ ನೋಡುತ್ತ ಕೆರೆಯುವುದನ್ನು ನಿಲ್ಲಿಸಿದ. ಒಂದು ಮಾತಿಲ್ಲ, ಒಂದು ನಗೆಯಿಲ್ಲ. ಗೇರು ಹಾಕಿದ.

ಹಳ್ಳಿ ದಾಟಿದರೆ ಕವಲು. ಎಡಕ್ಕೆ ಸೇಡಂ, ಠಾಣೆ, ಭಾಗಣ್ಣ. ಬಲಕ್ಕೆ ಸುಲೇಪೇಟ, ಅದರಾಚೆ ತೆಲಂಗಾಣದ ಗಡಿ.

ಧರ್ಮಣ್ಣ ಬಲಕ್ಕೆ ತಿರುಗಿಸಿದ.